ಮನೋರೋಗಕ್ಕೆ ತರಬೇತಾದ ನರ್ಸ್ ಬೇಕೇ? ಎಲ್ಲಿ ಹುಡುಕಬೇಕು, ಏನು ಕೇಳಿ ಆರಿಸಬೇಕು

‘ಹೋಂ ನರ್ಸ್ ಬೇಕಿತ್ತು’ ಎಂದು ಏಜೆನ್ಸಿಗೆ ಫೋನ್ ಮಾಡಿದರೆ ಎರಡು ದಿನದೊಳಗೆ ಯಾರಾದರೊಬ್ಬರು ಬ್ಯಾಗು ಹಿಡಿದು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ರಾತ್ರಿ ಪಕ್ಕದಲ್ಲಿ ಮಲಗುವುದು ಅವರಿಗೆ ಗೊತ್ತು. ಹಾಸಿಗೆ ಹಿಡಿದ ಅಜ್ಜಿಗೆ ಅಷ್ಟು ಸಾಕು. ಸ್ಕಿಜೋಫ್ರೀನಿಯಾ ಇರುವ ತಮ್ಮನಿಗೋ ಬೈಪೋಲಾರ್ ಕಾಯಿಲೆಯ ಅಕ್ಕನಿಗೋ ಅದು ಸಾಲದು. ನಾಲಿಗೆ ಕೆಳಗೆ ಅಡಗಿಸಿಟ್ಟ ಮಾತ್ರೆಯನ್ನು ಪತ್ತೆಹಚ್ಚುವುದು, ಕೈ ಬಿಗಿಯಾಗಿರುವುದು ಕಾಯಿಲೆಯಿಂದಲೋ ಔಷಧಿಯಿಂದಲೋ ಎಂದು ತಿಳಿಯುವುದು, ‘ಸಾಯಬೇಕು ಅನಿಸುತ್ತಿದೆಯಾ’ ಎಂದು ನೇರವಾಗಿ ಕೇಳುವುದು ಬೇರೆಯದೇ ವಿದ್ಯೆ. ನಮ್ಮ ಕಡೆ ‘ಹೋಂ ನರ್ಸ್’ ಎಂಬ ಹೆಸರಿನಲ್ಲಿ ಬರುವ ಹೆಚ್ಚಿನವರು ನರ್ಸಿಂಗ್ ಓದಿದವರಲ್ಲ, ಆರೈಕೆದಾರರು. ಅದು ಅವರ ತಪ್ಪಲ್ಲ. ಆದರೆ ಅವರಿಗೆ ಈ ಕೆಲಸ ಒಪ್ಪಿಸಿದರೆ ಇಬ್ಬರಿಗೂ ಕಷ್ಟ.

ವಿದೇಶದಲ್ಲಿರುವ ಮಗನೋ ಮಗಳೋ ‘ಸೈಕಿಯಾಟ್ರಿಕ್ ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್ ಹುಡುಕಿ’ ಎಂದು ಹೇಳಿ ಫೋನ್ ಇಡುವುದುಂಟು. ಅಮೆರಿಕದಲ್ಲಿ ಆ ಹೆಸರಿಗೆ ಗಟ್ಟಿ ಅರ್ಥವಿದೆ: ಸ್ನಾತಕೋತ್ತರ ಓದಿ ಪರಿಣತಿ ಪಡೆದ ನರ್ಸ್, ಹಲವು ರಾಜ್ಯಗಳಲ್ಲಿ ಔಷಧಿಯನ್ನೂ ಬರೆದುಕೊಡಬಲ್ಲರು. ಕರ್ನಾಟಕದಲ್ಲಿ ಅದೇ ಹೆಸರಿನ ಬೋರ್ಡು ಹುಡುಕುತ್ತಾ ಹೋದರೆ ಬರಿಗೈಲಿ ವಾಪಸಾಗುತ್ತೀರಿ. ಇಲ್ಲಿ ಅದಕ್ಕೆ ಹತ್ತಿರದವರು ಸೈಕಿಯಾಟ್ರಿಕ್ ನರ್ಸಿಂಗ್‌ನಲ್ಲಿ ಎಂ.ಎಸ್ಸಿ. ಅಥವಾ ಒಂದು ವರ್ಷದ ಡಿಪ್ಲೊಮಾ ಮಾಡಿದ ನರ್ಸ್. ಅವರು ಮನೋವೈದ್ಯರ ಚೀಟಿಯ ಮೇಲೆ ಕೆಲಸ ಮಾಡುತ್ತಾರೆ. ಹೊಸ ಮಾತ್ರೆ ಬರೆಯುವುದಾಗಲಿ ಇರುವ ಮಾತ್ರೆಯ ಪ್ರಮಾಣ ಬದಲಿಸುವುದಾಗಲಿ ಅವರ ಕೆಲಸವಲ್ಲ. ‘ಡಾಕ್ಟರ್ ಬೇಡ, ನಾನೇ ನೋಡ್ಕೋತೀನಿ’ ಎನ್ನುವ ನರ್ಸ್ ಸಿಕ್ಕರೆ ಮಾತು ಅಲ್ಲಿಗೇ ಮುಗಿಸಿ.

ಓದಿನ ಲೆಕ್ಕ

ಜಿ.ಎನ್.ಎಂ. (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಮೂರು ವರ್ಷದ ಡಿಪ್ಲೊಮಾ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಎರಡರಲ್ಲೂ ಮನೋರೋಗ ಶುಶ್ರೂಷೆ ಒಂದು ವಿಷಯವಾಗಿ ಇರುತ್ತದೆ, ಕೆಲವು ವಾರ ವಾರ್ಡಿನಲ್ಲೂ ಕೆಲಸ ಮಾಡಿರುತ್ತಾರೆ. ಅದರ ಮೇಲೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಮಾಡಿದವರಿಗೆ ಇದೇ ಪೂರ್ತಿ ಕಸುಬು. ಆಸ್ಪತ್ರೆಯ ಹಳಬರು ಈಗಲೂ ಇದನ್ನು ‘ಡಿ.ಪಿ.ಎನ್.’ (ಡಿಪ್ಲೊಮಾ ಇನ್ ಸೈಕಿಯಾಟ್ರಿಕ್ ನರ್ಸಿಂಗ್) ಎಂದೇ ಕರೆಯುತ್ತಾರೆ. ಎಂ.ಎಸ್ಸಿ. ಎರಡು ವರ್ಷ, ಆ ಓದು ಮುಗಿಸಿದವರಲ್ಲಿ ಅನೇಕರು ಕಾಲೇಜುಗಳಲ್ಲಿ ಪಾಠ ಮಾಡುತ್ತಿರುತ್ತಾರೆ.

ಮನೆಯ ಕೆಲಸಕ್ಕೆ ಇವರಲ್ಲಿ ಯಾರು ಮೇಲು? ಪದವಿಗಿಂತ ವಾರ್ಡಿನ ಅನುಭವಕ್ಕೆ ಹೆಚ್ಚು ಬೆಲೆ ಕೊಡಿ. ಹತ್ತು ವರ್ಷ ಮನೋರೋಗ ವಾರ್ಡಿನಲ್ಲಿ ಪಾಳಿ ಮಾಡಿದ ಜಿ.ಎನ್.ಎಂ. ಸಿಸ್ಟರ್, ಎಂ.ಎಸ್ಸಿ. ಮುಗಿಸಿ ರೋಗಿಯ ಮುಖ ನೋಡದವರಿಗಿಂತ ಎಷ್ಟೋ ಪಾಲು ಮೇಲು. ಎರಡೂ ಇರುವವರು ಸಿಕ್ಕರೆ ನಿಮ್ಮ ಪುಣ್ಯ.

ಮೊದಲು ಕೆಲಸ ಏನೆಂದು ಬರೆಯಿರಿ

ಹುಡುಕಾಟ ದಾರಿ ತಪ್ಪುವುದು ಸಾಮಾನ್ಯವಾಗಿ ಇಲ್ಲೇ. ‘ನೋಡಿಕೊಳ್ಳೋಕೆ ಒಬ್ಬರು ಬೇಕು’ ಎಂದರೆ ಯಾರೂ ಬರಬಹುದು. ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ಈಗ ಮನೆಯಲ್ಲಿ ಯಾವ ಹೊತ್ತು ಕಷ್ಟ? ಬೆಳಿಗ್ಗೆ ಏಳಿಸುವುದೋ, ಮಾತ್ರೆ ಕೊಡುವುದೋ, ರಾತ್ರಿ ನಿದ್ದೆಯಿಲ್ಲದೆ ಓಡಾಡುವುದೋ? 15 ದಿನಕ್ಕೋ ತಿಂಗಳಿಗೋ ಒಮ್ಮೆ ಸೂಜಿ ಇದೆಯೇ? ರಕ್ತಪರೀಕ್ಷೆ ಇದೆಯೇ? ಹಿಂದೆ ಜೀವ ಕಳೆದುಕೊಳ್ಳಲು ಯತ್ನಿಸಿದ್ದುಂಟೇ? ಕೈ ಎತ್ತಿದ್ದುಂಟೇ?

ಹೀಗೆ ಬರೆದಾಗ ಬಹಳ ಮನೆಗಳಿಗೆ ಬೇಕಿರುವುದು 24 ಗಂಟೆಯ ನರ್ಸ್ ಅಲ್ಲವೆಂದು ತಿಳಿಯುತ್ತದೆ. ತರಬೇತಾದ ನರ್ಸ್ ವಾರಕ್ಕೆ ಒಂದೋ ಎರಡೋ ಸಲ ಬಂದು ಒಂದು ಗಂಟೆ ಕೂತು ಹೋದರೆ, ಉಳಿದ ಹೊತ್ತಿಗೆ ಮನೆಯವರೋ ಅವರಿಂದ ಕಲಿತ ಆರೈಕೆದಾರರೋ ಸಾಕಾಗುತ್ತಾರೆ. ಖರ್ಚೂ ಕಡಿಮೆ, ತರಬೇತಾದವರು ಒಪ್ಪುವ ಸಾಧ್ಯತೆಯೂ ಹೆಚ್ಚು. ಆಸ್ಪತ್ರೆಯಲ್ಲಿ ಕೆಲಸದಲ್ಲಿರುವ ಒಳ್ಳೆಯ ನರ್ಸ್ ನಿಮ್ಮ ಮನೆಯಲ್ಲಿ ಬಂದು ಉಳಿಯುವುದು ಅಪರೂಪ.

ಎರಡು ಪರಿಸ್ಥಿತಿಗಳಲ್ಲಿ ನರ್ಸ್ ಹುಡುಕುವುದನ್ನೇ ನಿಲ್ಲಿಸಬೇಕು. ಒಂದು, ‘ಮನೆಯಲ್ಲೇ ಇಟ್ಟು ಕುಡಿತ ಬಿಡಿಸಿ’ ಎಂಬ ಬೇಡಿಕೆ. ದಿನವೂ ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನದ ಹೊತ್ತಿಗೆ ಕೈಕಾಲು ನಡುಗಿ, ಇಲ್ಲದ್ದು ಕಂಡು, ಎಲ್ಲಿದ್ದೇನೆಂಬ ಪರಿವೆ ತಪ್ಪುವ ಸನ್ನಿ ಹಿಡಿಯಬಹುದು. ಅದಕ್ಕೆ ಆಸ್ಪತ್ರೆಯೇ ಸರಿ. ಎರಡನೆಯದು, ಈ ಹೊತ್ತೇ ಜೀವಕ್ಕೆ ಅಪಾಯವಿರುವಾಗ. ಆಗ 108 ಅಥವಾ 112ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ನರ್ಸ್ ಬೇಕಾಗುವುದು ಆ ಬಿರುಗಾಳಿ ಇಳಿದ ಮೇಲೆ.

ಎಲ್ಲಿ ಕೇಳಬೇಕು

ಮೊದಲ ಬಾಗಿಲು ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಯದೇ. ಡಾಕ್ಟರನ್ನು ಕೇಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ವಾರ್ಡಿನ ನರ್ಸಿಂಗ್ ಇನ್‌ಚಾರ್ಜ್ ಮತ್ತು ಸೋಷಿಯಲ್ ವರ್ಕರ್‌ಗೆ ಯಾರು ಮನೆಗೆ ಹೋಗುತ್ತಾರೆ, ಯಾರು ಈಚೆಗೆ ನಿವೃತ್ತರಾದರು ಎಂಬುದು ಹೆಚ್ಚು ಗೊತ್ತಿರುತ್ತದೆ. ನಿವೃತ್ತ ನರ್ಸ್‌ಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದವರು, ಸಮಯವೂ ಇರುತ್ತದೆ, ತಾಳ್ಮೆಯೂ. ಕೇಳುವ ಒಳ್ಳೆಯ ಹೊತ್ತು ಡಿಸ್ಚಾರ್ಜ್‌ಗೆ ಎರಡು ಮೂರು ದಿನ ಮುಂಚೆ. ಬಿಲ್ ಕಟ್ಟಿ ಆಟೋ ಹತ್ತುವಾಗ ಅಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಈ ಕಸುಬಿನ ತವರು. 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಹಳೆಯ ಮಾನಸಿಕ ಆಸ್ಪತ್ರೆ ಕೂಡಿ 1974ರಲ್ಲಿ ಅದಾಯಿತು. ಅಲ್ಲಿ ಮನೋರೋಗ ಶುಶ್ರೂಷೆಗೇ ಒಂದು ನರ್ಸಿಂಗ್ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಕರಾವಳಿಯವರು ಮಣಿಪಾಲ ಮತ್ತು ಮಂಗಳೂರಿನ ಫಾದರ್ ಮುಲ್ಲರ್ ನರ್ಸಿಂಗ್ ಕಾಲೇಜುಗಳ ಮನೋರೋಗ ಶುಶ್ರೂಷೆ ವಿಭಾಗಗಳಲ್ಲಿ ವಿಚಾರಿಸಬಹುದು. ನಿಮ್ಮ ಜಿಲ್ಲೆಯಲ್ಲಿ ನರ್ಸಿಂಗ್ ಕಾಲೇಜಿದ್ದರೆ ಅಲ್ಲಿನ ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಬರೆಯಿರಿ. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು ಇದ್ದೇ ಇರುತ್ತದೆ.

ಎರಡನೆಯ ಬಾಗಿಲು ಸರ್ಕಾರದ್ದು. ಇದನ್ನು ಮಧ್ಯಮ ವರ್ಗದವರು ಸುಮ್ಮನೆ ದಾಟಿ ಹೋಗುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ (ಡಿ.ಎಂ.ಎಚ್.ಪಿ.) ತಂಡದಲ್ಲಿ ಮನೋವೈದ್ಯರು, ಮನಃಶಾಸ್ತ್ರಜ್ಞರು, ಸೋಷಿಯಲ್ ವರ್ಕರ್ ಜೊತೆಗೆ ನರ್ಸ್ ಹುದ್ದೆಯೂ ಇದೆ. ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. 1996ರಲ್ಲಿ ಕಾರ್ಯಕ್ರಮ ದೇಶದ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ ಮುಂದೆ ಹಬ್ಬಿತು. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲೋ ಜಿಲ್ಲಾಸ್ಪತ್ರೆಯಲ್ಲೋ ‘ಡಿ.ಎಂ.ಎಚ್.ಪಿ. ತಂಡ ಎಲ್ಲಿ ಕೂರುತ್ತದೆ’ ಎಂದು ಕೇಳಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋರೋಗ ಕ್ಲಿನಿಕ್ ನಡೆಯುತ್ತದೆ. ನಿಮ್ಮ ತಾಲ್ಲೂಕಿಗೆ ತಿಂಗಳ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲೇ ಖಚಿತಪಡಿಸಿಕೊಳ್ಳಿ. ಈ ತಂಡದ ನರ್ಸ್ ವಾರಕ್ಕೆರಡು ಸಲ ಮನೆಗೆ ಬರುತ್ತಾರೆಂದು ನಿರೀಕ್ಷಿಸಬೇಡಿ, ಇಡೀ ಜಿಲ್ಲೆ ಅವರ ತಲೆಯ ಮೇಲಿರುತ್ತದೆ. ಆದರೆ ಸೂಜಿ ಹಾಕಿಸಿಕೊಳ್ಳುವುದಕ್ಕೆ, ಆಶಾ ಕಾರ್ಯಕರ್ತೆಯ ಮೂಲಕ ನಿಗಾ ಇಡಿಸುವುದಕ್ಕೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್‌ಗೆ ಹೇಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹಳ್ಳಿಯ ಮನೆಗೆ ಬಹಳ ಸಲ ಇದೇ ಪೂರ್ತಿ ಉತ್ತರ.

ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದದ್ದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಮನೆಗೆ ನರ್ಸ್ ಕಳಿಸುವ ಸೇವೆ ಅದಲ್ಲ, ಆದರೆ ಹತ್ತಿರದ ಸರ್ಕಾರಿ ಸೌಲಭ್ಯ ಎಲ್ಲಿದೆ ಎಂದು ಕೇಳಬಹುದು. ರಾತ್ರಿ ಎರಡಕ್ಕೆ ಕೈ ಸೋತಾಗ ಮಾತಾಡಲು ಒಂದು ಜೀವವೂ ಸಿಗುತ್ತದೆ.

ಏಜೆನ್ಸಿ ಕೊನೆಯ ಬಾಗಿಲಾಗಲಿ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ‘ಕಳಿಸುವವರ ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ ಹೇಳಿ.’ ‘ಎಲ್ಲರೂ ಟ್ರೈನ್ಡ್ ಸರ್’ ಎಂಬುದು ಸಂಖ್ಯೆಯಲ್ಲ.

ದಾಖಲೆ ನೋಡುವ ಕ್ರಮ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ ಪ್ರಕಾರ ‘ಮಾನಸಿಕ ಆರೋಗ್ಯ ನರ್ಸ್’ ಎಂದರೆ ಮಾನ್ಯತೆಯುಳ್ಳ ನರ್ಸಿಂಗ್ ಅಥವಾ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಇಲ್ಲವೇ ಪದವಿ ಇದ್ದು, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರು. ನೋಂದಣಿ ಇಲ್ಲದಿದ್ದರೆ ನರ್ಸ್ ಅಲ್ಲ, ಎಷ್ಟೇ ಅನುಭವವಿರಲಿ. ಅದೇ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಇಂಥ ನರ್ಸ್‌ಗಳು, ಮನಃಶಾಸ್ತ್ರಜ್ಞರು, ಸೋಷಿಯಲ್ ವರ್ಕರ್‌ಗಳು ಮಾನಸಿಕ ಆರೋಗ್ಯ ವೃತ್ತಿಪರರಾಗಿ ಕೆಲಸ ಮಾಡಲು ಅವರನ್ನು ನೋಂದಾಯಿಸಿ ಪಟ್ಟಿ ಪ್ರಕಟಿಸುವ ಹೊಣೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ್ದು. ಆದ್ದರಿಂದ ಎರಡು ಪ್ರಶ್ನೆ ಕೇಳಿ: ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಇದೆಯೇ, ಪ್ರಾಧಿಕಾರದಲ್ಲೂ ಹೆಸರಿದೆಯೇ? ಮೊದಲನೆಯದು ಇರಲೇಬೇಕು. ಎರಡನೆಯದಿದ್ದರೆ ಇನ್ನೂ ಒಳ್ಳೆಯದು.

ಮೂಲ ಪ್ರಮಾಣಪತ್ರ ನೋಡಿ, ಮೊಬೈಲಿನ ಫೋಟೋ ಸಾಲದು. ಹೆಸರನ್ನು ಆಧಾರ್ ಜೊತೆ ಹೋಲಿಸಿ. ಮದುವೆಯ ನಂತರ ಹೆಸರು ಬದಲಾದವರಿರುತ್ತಾರೆ, ಅದರ ದಾಖಲೆ ಕೇಳುವುದರಲ್ಲಿ ತಪ್ಪಿಲ್ಲ. ನೋಂದಣಿಯ ಅವಧಿ ಮುಗಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಕೇರಳದಲ್ಲಿ ಓದಿ ಬಂದವರು ಇಲ್ಲಿ ಬಹಳ. ಅವರ ನೋಂದಣಿ ಅಲ್ಲಿನ ಕೌನ್ಸಿಲ್‌ನದ್ದಾಗಿದ್ದರೆ ಕರ್ನಾಟಕಕ್ಕೆ ವರ್ಗಾಯಿಸಿಕೊಂಡಿದ್ದಾರೆಯೇ ಎಂದು ಕೇಳಿ. ಕೊನೆಗೆ ಹಿಂದೆ ಕೆಲಸ ಮಾಡಿದ ವಾರ್ಡಿಗೆ ಒಂದು ಫೋನ್. ಅನುಭವ ಪತ್ರದಲ್ಲಿ ಎಲ್ಲರೂ ‘ಶ್ರದ್ಧೆಯುಳ್ಳವರೇ’. ನಿಜ ಹೊರಬರುವುದು ‘ಮತ್ತೆ ಬಂದರೆ ಕೆಲಸ ಕೊಡುತ್ತೀರಾ’ ಎಂಬ ಪ್ರಶ್ನೆಗೆ.

ಭಾಷೆಯ ವಿಷಯದಲ್ಲಿ ರಾಜಿ ಬೇಡ. ಸಕ್ಕರೆ ಕಾಯಿಲೆಯ ಗಾಯಕ್ಕೆ ಡ್ರೆಸ್ಸಿಂಗ್ ಮಾಡಲು ಅರ್ಧಂಬರ್ಧ ಕನ್ನಡ ನಡೆಯುತ್ತದೆ. ‘ಯಾಕೋ ಮನಸ್ಸಿಗೆ ಬ್ಯಾಸರ ಬಂದೈತ್ರಿ, ಎದಿ ಒಳಗ ಏನೋ ಕಳವಳ’ ಎನ್ನುವ ಮಾತಿನ ತೂಕ ತಿಳಿಯಲು ಆ ಸೀಮೆಯ ಮಾತೇ ತಿಳಿದಿರಬೇಕು. ಮನೆಯ ಮಾತು ಉರ್ದು, ತುಳು, ಕೊಂಕಣಿ, ತೆಲುಗು ಆಗಿದ್ದರೂ ಇದೇ ನಿಯಮ.

ಫೋನಿನಲ್ಲೇ ಕೇಳಬಹುದಾದ ಪರೀಕ್ಷೆ

ನರ್ಸ್‌ಗೆ ವಿಷಯ ಗೊತ್ತೇ ಎಂದು ತಿಳಿಯಲು ನೀವು ವೈದ್ಯಕೀಯ ಓದಿರಬೇಕಿಲ್ಲ. ನಿಮ್ಮವರ ಔಷಧಿ ನೋಡಿ ಕೆಳಗಿನವುಗಳಲ್ಲಿ ಸಂಬಂಧಪಟ್ಟದ್ದನ್ನು ಕೇಳಿ.

ಲಿಥಿಯಂ (ಬೈಪೋಲಾರ್ ಕಾಯಿಲೆಗೆ ಕೊಡುವ ಮಾತ್ರೆ) ತೆಗೆದುಕೊಳ್ಳುವವರಿದ್ದರೆ: ‘ರಕ್ತ ಯಾವಾಗ ಕೊಡಿಸಬೇಕು?’ ಸರಿ ಉತ್ತರ, ಕೊನೆಯ ಮಾತ್ರೆಯಾದ 12 ಗಂಟೆಗೆ. ರಾತ್ರಿ 9ಕ್ಕೆ ನುಂಗಿದ್ದರೆ ಬೆಳಿಗ್ಗೆ 9ಕ್ಕೆ, ಬೆಳಗಿನ ಮಾತ್ರೆಗೆ ಮುಂಚೆ. ಮಾತ್ರೆ ನುಂಗಿ ಹೋದರೆ ಅಂಕಿ ಸುಳ್ಳೇ ಏರಿರುತ್ತದೆ, ಡಾಕ್ಟರ್ ಪ್ರಮಾಣ ಇಳಿಸುತ್ತಾರೆ, ಕಾಯಿಲೆ ಮರುಕಳಿಸುತ್ತದೆ. ಮುಂದುವರಿಸಿ, ‘ಮೈಕೈ ನೋವಿಗೆ ಐಬುಪ್ರೊಫೆನ್ ಕೊಡಬಹುದಾ?’ ಎಂದು ಕೇಳಿ. ‘ಡಾಕ್ಟರನ್ನು ಕೇಳದೆ ಬೇಡ, ರಕ್ತದಲ್ಲಿ ಲಿಥಿಯಂ ಏರುತ್ತದೆ’ ಎನ್ನಬೇಕು. ವಾಂತಿ ಭೇದಿಯಾದಾಗಲೂ, ಬೇಸಿಗೆಯಲ್ಲಿ ನೀರು ಕಡಿಮೆಯಾದಾಗಲೂ ಅದೇ ಅಪಾಯ. ಕೈ ಜೋರಾಗಿ ನಡುಗುವುದು, ತೂರಾಡುವುದು, ಮಾತು ತೊದಲುವುದು ಕಂಡರೆ ಅಂದೇ ಆಸ್ಪತ್ರೆ.

ಕ್ಲೋಜಪಿನ್ (ಸ್ಕಿಜೋಫ್ರೀನಿಯಾಗೆ ಕೊಡುವ ಮಾತ್ರೆ) ಇದ್ದರೆ: ‘ಮೂರು ದಿನ ಮಾತ್ರೆ ತಪ್ಪಿದೆ, ಇವತ್ತು ರಾತ್ರಿ ಎಂದಿನಂತೆ ಕೊಡಲಾ?’ ಕೊಡಬಾರದು. 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣ ಒಮ್ಮೆಲೇ ಕೊಡುವುದು ಅಪಾಯ, ಡಾಕ್ಟರ್ ಮತ್ತೆ ಕಡಿಮೆಯಿಂದ ಏರಿಸಬೇಕು. ಜ್ವರ ಅಥವಾ ಗಂಟಲು ನೋವು ಬಂದರೆ ಬಿಳಿ ರಕ್ತಕಣದ ಪರೀಕ್ಷೆ ತಡಮಾಡಬಾರದು. ಮಲಬದ್ಧತೆಯನ್ನು ಹಗುರವಾಗಿ ನೋಡುವ ನರ್ಸ್‌ಗೆ ಈ ಔಷಧಿ ಗೊತ್ತಿಲ್ಲವೆಂದೇ ಅರ್ಥ.

ಫ್ಲುಫೆನಜಿನ್, ಹ್ಯಾಲೊಪೆರಿಡಾಲ್‌ನಂಥ ತಿಂಗಳ ಸೂಜಿ ಇದ್ದರೆ: ‘ಹೇಗೆ ಹಾಕುತ್ತೀರಿ?’ ಎಣ್ಣೆಯಲ್ಲಿ ಕರಗಿಸಿದ ಔಷಧಿ ಅದು. ಸಿರಿಂಜ್, ಸೂಜಿ ಒಣಗಿರಬೇಕು. 21 ಗೇಜಿನಂಥ ದಪ್ಪ ಸೂಜಿ ಬೇಕು, ಆಳವಾಗಿ ಸ್ನಾಯುವಿಗೆ ಹೋಗಬೇಕು, ಹಾಕಿದ ಮೇಲೆ ಉಜ್ಜಬಾರದು. ಎಡ ಬಲ ಬದಲಿಸಿ ಹಾಕಿ ಯಾವ ಬದಿ ಎಂದು ಬರೆದಿಡಬೇಕು. ಇಷ್ಟನ್ನು ಯೋಚಿಸದೆ ಹೇಳಿದರೆ ಕೈ ಪಳಗಿದೆ ಎಂದಾಯಿತು.

ಇನ್ನೊಂದು ಪ್ರಶ್ನೆ ಎಲ್ಲರಿಗೂ ಕೇಳಿ: ‘ಮಾತ್ರೆ ಬೇಡ ಎನ್ನುತ್ತಾರೆ, ಸಾರಿನಲ್ಲಿ ಪುಡಿಮಾಡಿ ಹಾಕಿಬಿಡೋಣವೇ?’ ನಮ್ಮ ಮನೆಗಳಲ್ಲಿ ಇದು ಸರ್ವೇಸಾಮಾನ್ಯ, ಹತಾಶೆಯಿಂದ ಮಾಡುತ್ತಾರೆ. ‘ಹಾಕೋಣ ಬಿಡಿ’ ಎನ್ನುವವರು ಬೇಡ. ಕೆಲವು ಮಾತ್ರೆ ಪುಡಿಮಾಡಿದರೆ ಇಡೀ ದಿನಕ್ಕೆ ನಿಧಾನವಾಗಿ ಬಿಡಬೇಕಾದ ಔಷಧಿ ಒಮ್ಮೆಗೇ ಹೋಗುತ್ತದೆ. ರುಚಿ ಸಿಕ್ಕಿದ ದಿನ ಅವರು ಮನೆಯ ಊಟವನ್ನೇ ನಂಬುವುದಿಲ್ಲ. ಮೊದಲೇ ವಿಷ ಹಾಕುತ್ತಾರೆಂಬ ಅನುಮಾನವಿದ್ದವರಿಗೆ ಅದು ಪುರಾವೆಯಾಗಿಬಿಡುತ್ತದೆ. ಯಾಕೆ ಬೇಡ ಎನ್ನುತ್ತಾರೆ, ನಿದ್ದೆಯೋ, ದಪ್ಪವಾಗುವುದೋ, ಲೈಂಗಿಕ ತೊಂದರೆಯೋ ಎಂದು ಕೇಳಿ ತಿಳಿದು ಡಾಕ್ಟರಿಗೆ ಮುಟ್ಟಿಸುತ್ತೇನೆ ಎನ್ನುವವರನ್ನು ಇಟ್ಟುಕೊಳ್ಳಿ.

ಮೊದಲ ಭೇಟಿ

ಬಂದ ಕೂಡಲೇ ಯಾರ ಜೊತೆ ಮಾತು ಶುರುಮಾಡುತ್ತಾರೆ ನೋಡಿ. ಅರ್ಧ ಗಂಟೆ ನಿಮ್ಮೊಡನೆ ಹಜಾರದಲ್ಲಿ ಕೂತು, ಒಳಗಿರುವವರನ್ನು ‘ಪೇಷೆಂಟ್’ ಎನ್ನುತ್ತಾ ಮಾತಾಡಿದರೆ ಒಳ್ಳೆಯ ಲಕ್ಷಣವಲ್ಲ. ಪಳಗಿದವರು ಅವರಿಗೇ ಹೆಸರು ಹೇಳಿ, ಕೂರಲೇ ಎಂದು ಕೇಳಿ, ಬಾಗಿಲಿಗೆ ಅಡ್ಡವಾಗದಂತೆ ಕೂರುತ್ತಾರೆ. ನಿದ್ದೆ, ಊಟ, ಮಲವಿಸರ್ಜನೆ, ಹೆಂಗಸರಾದರೆ ಮುಟ್ಟು ಇವನ್ನೆಲ್ಲ ವಿಚಾರಿಸುತ್ತಾರೆ. ಕೈ ಚಾಚಿಸಿ ನಡುಕ, ಮೊಣಕೈ ಮಡಿಸಿ ಬಿಗಿತ, ನಾಲ್ಕು ಹೆಜ್ಜೆ ನಡೆಸಿ ನಡಿಗೆ ನೋಡುತ್ತಾರೆ. ಬಿ.ಪಿ., ತೂಕ, ಸೊಂಟದ ಸುತ್ತಳತೆ ಬರೆದುಕೊಳ್ಳುತ್ತಾರೆ. ಒಲಾಂಜಪಿನ್‌ನಂಥ ಮಾತ್ರೆಗಳಿಂದ ತೂಕ, ಸಕ್ಕರೆ ಏರುವುದರಿಂದ ಮೊದಲ ದಿನದ ಅಂಕಿ ಮುಂದೆ ಬೇಕಾಗುತ್ತದೆ. ಸಾವಿನ ಯೋಚನೆ ಇದೆಯೇ ಎಂದು ಮೆಲುದನಿಯಲ್ಲಿ, ಸುತ್ತಿಬಳಸದೆ ಕೇಳುತ್ತಾರೆ. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆಂಬುದು ತಪ್ಪು ನಂಬಿಕೆ, ನಡುವೆ ಬಾಯಿ ಹಾಕಬೇಡಿ.

ಆಮೇಲೆ ಮಾತ್ರೆಯ ಡಬ್ಬ ಕೇಳುತ್ತಾರೆ. ದಿನಕ್ಕೆ ಒಂದರಂತೆ 30 ತಂದು 12 ದಿನವಾಗಿದ್ದರೆ 18 ಉಳಿಯಬೇಕು. 24 ಇದ್ದರೆ ಆರು ದಿನದ ಕಥೆ ಬೇರೆ ಇದೆ. ಮನೆಯಲ್ಲಿ ಕೀಟನಾಶಕ ಎಲ್ಲಿದೆ, ಹೆಚ್ಚಿನ ಮಾತ್ರೆ ಯಾರ ಬೀಗದಲ್ಲಿದೆ ಎಂದೂ ಕೇಳಿದರೆ, ಇವರೇ ಸರಿ ಎಂದುಕೊಳ್ಳಿ.

ಒಪ್ಪಂದ

ಬಾಯಿಮಾತಿನ ಒಪ್ಪಂದ ಮುರಿಯುವುದು ಯುಗಾದಿಗೋ ದೀಪಾವಳಿಗೋ. ಭೇಟಿಗೆಷ್ಟು, ಎಷ್ಟು ಹೊತ್ತು, ಹೋಗಿಬರುವ ಖರ್ಚು ಯಾರದು, ರಜೆಯ ದಿನ ಬದಲಿ ಯಾರು, ಬಿಡುವುದಾದರೆ ಎಷ್ಟು ದಿನ ಮುಂಚೆ ಹೇಳಬೇಕು ಎಂದು ಒಂದು ಪುಟ ಬರೆದು ಇಬ್ಬರೂ ಸಹಿ ಹಾಕಿ. ಏಜೆನ್ಸಿಯಾದರೆ ಮುಂಗಡ ಯಾವಾಗ ವಾಪಸ್ ಎಂಬುದೂ ಇರಲಿ. ಆಸ್ಪತ್ರೆ ಖರ್ಚಿಗೆ ಮಾನಸಿಕ ಕಾಯಿಲೆಯನ್ನೂ ದೈಹಿಕ ಕಾಯಿಲೆಯಂತೆಯೇ ವಿಮೆಗೆ ಒಳಪಡಿಸಬೇಕೆಂದು ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಆದರೆ ಮನೆಗೆ ಬರುವ ನರ್ಸ್‌ನ ಖರ್ಚು ಪಾಲಿಸಿಯಲ್ಲಿ ಸೇರಿದೆಯೇ ಎಂಬುದು ಬೇರೆ ಮಾತು, ಕಂಪನಿಯಿಂದ ಬರಹದಲ್ಲಿ ಪಡೆಯಿರಿ.

ಎರಡು ವಿಷಯ ಕಾಗದದಲ್ಲಿ ಕಡ್ಡಾಯವಾಗಿರಲಿ. ಒಂದು, ಫೋಟೋ, ವಿಡಿಯೊ, ಸ್ಟೇಟಸ್ ಯಾವುದೂ ಕೂಡದು. ಕಾಯಿಲೆಯ ವಿವರ ಗುಟ್ಟಾಗಿಡುವುದು ರೋಗಿಯ ಹಕ್ಕು. ಇನ್ನೊಂದು, ಕಟ್ಟಿಹಾಕುವಂತಿಲ್ಲ. ಸಂಕೋಲೆ ಹಾಕುವುದನ್ನು ಕಾಯ್ದೆ ಪೂರ್ತಿ ನಿಷೇಧಿಸಿದೆ. ಆಸ್ಪತ್ರೆಯಲ್ಲೂ ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಒಪ್ಪಿಗೆಯಿಂದ ಮಾತ್ರ ಹಿಡಿದಿಡಬಹುದು. ‘ಸ್ವಲ್ಪ ಹೊತ್ತು ಸೀರೆಯಲ್ಲಿ ಕಟ್ಟಿದ್ದೆ’ ಎಂಬ ಮಾತು ಕೇಳಿದ ದಿನವೇ ಲೆಕ್ಕ ಚುಕ್ತಾ ಮಾಡಿ.

ಎಲ್ಲಿ ಕೈಕೊಡುತ್ತದೆ

ನರ್ಸ್ ಬಂದರೆಂದು ಮನೆಯವರು ಹಿಂದೆ ಸರಿಯುವುದು ಸಾಮಾನ್ಯ. ಡಾಕ್ಟರ ಬಳಿಗೆ ನರ್ಸನ್ನೇ ಕಳಿಸುತ್ತಾರೆ, ಆಮೇಲೆ ಅವರು ಬಿಟ್ಟುಹೋದ ದಿನ ಯಾವ ಮಾತ್ರೆ ಯಾವ ಹೊತ್ತಿಗೆಂದೂ ಯಾರಿಗೂ ಗೊತ್ತಿರುವುದಿಲ್ಲ. ಇದರ ತಿರುಗುಮುರುಗು ತಪ್ಪೂ ಇದೆ: ನರ್ಸ್‌ಗೂ ಡಾಕ್ಟರಿಗೂ ಮಾತೇ ಇಲ್ಲದಿರುವುದು. ಮೊದಲ ವಾರದಲ್ಲೇ ಡಾಕ್ಟರಿಗೆ ಇವರ ಪರಿಚಯ ಮಾಡಿಸಿ, ಯಾವ ಲಕ್ಷಣಕ್ಕೆ ಕೂಡಲೇ ಫೋನ್ ಮಾಡಬೇಕೆಂದು ಚೀಟಿಯ ಹಿಂದೆ ಬರೆಸಿಕೊಳ್ಳಿ. ಆ ಪಟ್ಟಿಯಲ್ಲಿ ಇದು ಇರಲೇಬೇಕು: ಜೋರು ಜ್ವರ, ಮೈ ಕೊರಡಿನಂತೆ ಬಿಗಿಯುವುದು, ಗೊಂದಲ, ಮೂರೂ ಒಟ್ಟಿಗೆ. ಮನೋರೋಗದ ಔಷಧಿಯ ಅಪರೂಪದ ಆದರೆ ಜೀವಕ್ಕೇ ಎರವಾಗುವ ಪರಿಣಾಮವದು, ಕಾಯುವಂತಿಲ್ಲ. ಹೊಸ ಔಷಧಿ ಶುರುವಾದ ಮೊದಲ ದಿನಗಳಲ್ಲಿ ಕುತ್ತಿಗೆ ತಿರುಚಿಕೊಳ್ಳುವುದು, ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುವುದು ಇದ್ದರೆ ದೆವ್ವ ಬಡಿದದ್ದಲ್ಲ. ಆಸ್ಪತ್ರೆಯಲ್ಲಿ ಒಂದು ಸೂಜಿಗೆ ಸಾಮಾನ್ಯವಾಗಿ ಬೇಗನೆ ಇಳಿಯುತ್ತದೆ.

ಮನೆಯಲ್ಲಿ ಒಂದು 200 ಪುಟದ ನೋಟ್‌ಬುಕ್ ಇಡಿ. ದಿನಕ್ಕೆ ನಾಲ್ಕು ಸಾಲು: ನಿದ್ದೆ ಎಷ್ಟು ಗಂಟೆ, ಮಾತ್ರೆ ಎಷ್ಟು ಉಳಿದಿದೆ, ಹೊಸದಾಗಿ ಕಂಡದ್ದೇನು, ನಾಳೆ ಮಾಡಬೇಕಾದದ್ದೇನು. ನರ್ಸ್ ಬಾರದ ದಿನ ಮನೆಯವರೇ ಬರೆಯಬೇಕು. ಅವರು ಕೆಲಸ ಬಿಡುವಾಗ ಕೊನೆಯ ಪುಟದಲ್ಲಿ ಮುಂದಿನ ಸೂಜಿಯ ತಾರೀಖು, ಕಳೆದ ಸಲ ಹಾಕಿದ ಬದಿ, ಮುಂದಿನ ರಕ್ತಪರೀಕ್ಷೆಯ ದಿನ, ಅಲರ್ಜಿಯಾದ ಔಷಧಿಯ ಹೆಸರು ಬರೆಸಿ ಸಹಿ ಹಾಕಿಸಿಕೊಳ್ಳಿ. ಕೊನೆಯ ಸಂಬಳವನ್ನು ಆ ಪುಟ ತುಂಬಿದ ಮೇಲೆ ಕೊಡುವುದೆಂದು ಒಪ್ಪಂದದಲ್ಲೇ ಬರೆದಿದ್ದರೆ ಇಬ್ಬರಿಗೂ ಮುಜುಗರವಿರುವುದಿಲ್ಲ.